ರಜೆಯಲ್ಲಿ ಮಕ್ಕಳಿಗೆ ಯಾವ ಆಲಿಸ್ ಸಿನಿಮಾ ತೋರಿಸೋಣ?

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮಹಡಿ ಮೇಲಿನ ಶೀಟಿನ ಕೋಣೆಯಲ್ಲಿ ಬಡಾವಣೆಯ ಮಕ್ಕಳಿಗೆ ಕಥೆ ಓದುತ್ತೇನೆ. ನಾಲ್ಕನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಒಟ್ಟು 18 ಮಕ್ಕಳು. ಈ ಬೇಸಿಗೆಯಲ್ಲಿ ಲೂಯಿಸ್ ಕ್ಯಾರಲ್ ಬರೆದ ಆಲಿಸ್ ಕಥೆ ಹಿಡಿದೆವು. ನಮ್ಮಮ್ಮ ಇದನ್ನು ನಾ. ಕಸ್ತೂರಿಯವರ ಕನ್ನಡದಲ್ಲಿ, 'ಪಾತಾಳದಲ್ಲಿ ಪಾಪಚ್ಚಿ' ಅನ್ನುವ ಹೆಸರಿನಲ್ಲಿ ಓದಿದ್ದರು. ನನ್ನ ಹತ್ತಿರ ಆ ಪುಸ್ತಕ ಇಲ್ಲ. ಹಾಗಾಗಿ ಇಂಗ್ಲಿಷ್ ಪುಸ್ತಕ ಮುಂದಿಟ್ಟುಕೊಂಡು ನನ್ನದೇ ಕನ್ನಡದಲ್ಲಿ ಹೇಳುತ್ತಾ ಹೋದೆ. 12 ಅಧ್ಯಾಯ, ವಾರಕ್ಕೆ ಒಂದೋ ಎರಡೋ. ಕಥೆ ಮುಗಿದ ದಿನವೇ ಮಕ್ಕಳು 'ಆಂಟಿ, ಇದರ ಸಿನಿಮಾ ಇದೆಯಂತೆ, ತೋರಿಸಿ' ಎಂದು ಹಟ ಹಿಡಿದವು.

ಹೋದ ವಾರ ಟಿಮ್ ಬರ್ಟನ್ ಅವರ 2010ರ ಸಿನಿಮಾ ಹಾಕಿದೆ. ಅರ್ಧ ಗಂಟೆ ಆಗಿರಬೇಕು, ಐದನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತು 'ಇವಳು ನಮ್ಮ ಆಲಿಸ್ ಅಲ್ಲ ಆಂಟಿ, ಇವಳಿಗೆ ಮದುವೆ ಮಾಡ್ತಿದ್ದಾರೆ' ಎಂದಳು. ಪೂರ್ತಿ ನೋಡೋಣ ತಾಳು ಎಂದೆ. ಕೊನೆಯಲ್ಲಿ ಆಲಿಸ್ ಕವಚ ತೊಟ್ಟು, ಕತ್ತಿ ಹಿಡಿದು, ದೈತ್ಯ ಪ್ರಾಣಿ ಜ್ಯಾಬರ್‌ವಾಕಿಯ ತಲೆ ಕಡಿದಾಗ ಗಂಡುಮಕ್ಕಳು ಚಪ್ಪಾಳೆ ಹೊಡೆದರು. ಆ ಹುಡುಗಿ ಮಾತ್ರ 'ಅವಳು ಕತ್ತಿ ಯಾಕೆ ಹಿಡಿದಳು? ಅವಳು ಬರೀ ಪ್ರಶ್ನೆ ಕೇಳ್ತಿದ್ದಳಲ್ವಾ?' ಎಂದು ಕೇಳಿದಳು.

ಅವತ್ತಿನಿಂದ ಆ ಪ್ರಶ್ನೆ ನನ್ನ ತಲೆಯಲ್ಲೇ ಇದೆ. ಅವಳು ಹೇಳಿದ್ದು ಸರಿ ಅನಿಸುತ್ತದೆ. ಪುಸ್ತಕದ ಆಲಿಸ್‌ಗೆ ಅಲ್ಲಿ ಮಾಡಬೇಕಾದ ಕೆಲಸ ಅಂತ ಏನೂ ಇಲ್ಲ. ಯಾರನ್ನೂ ಸೋಲಿಸಬೇಕಾಗಿಲ್ಲ, ಯಾರನ್ನೂ ಕಾಪಾಡಬೇಕಾಗಿಲ್ಲ. ಬಿಲಕ್ಕೆ ಬೀಳುತ್ತಾಳೆ, ನಡೆಯುತ್ತಾಳೆ, ಸಿಕ್ಕವರನ್ನೆಲ್ಲ ಮಾತನಾಡಿಸುತ್ತಾಳೆ. ಅವರು ಅರ್ಥವಿಲ್ಲದ್ದು ಹೇಳಿದರೆ ಮರ್ಯಾದೆಯಿಂದಲೇ 'ಅದು ಹೇಗೆ?' ಎಂದು ಕೇಳುತ್ತಾಳೆ. ದೊಡ್ಡವರೆಲ್ಲ ತಲೆಬುಡ ಇಲ್ಲದೆ ಮಾತನಾಡುವ ಊರಿನಲ್ಲಿ ಒಂದು ಪುಟ್ಟ ಹುಡುಗಿ ಮಾತ್ರ ಸರಿಯಾಗಿ ಯೋಚನೆ ಮಾಡುತ್ತಿರುತ್ತಾಳೆ. ನನ್ನ ಮಕ್ಕಳಿಗೆ ಈ ಕಥೆ ಹಿಡಿಸಿದ್ದು ಅದಕ್ಕೇ.

ಹಾಗಾದರೆ ಒಂದು ಆಲಿಸ್ ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂದು ಯಾವುದರಿಂದ ಅಳೆಯುವುದು? ಕಥೆಯಲ್ಲಿರುವುದೆಲ್ಲ ಇದೆಯಾ ಅಂತಲಾ? ನೋಡಲು ಚಂದ ಇದೆಯಾ ಅಂತಲಾ? ಮುಂದಿನ ಭಾನುವಾರದೊಳಗೆ ನಾನು ಒಂದನ್ನು ಆರಿಸಬೇಕು. ನೀವು ನೋಡಿರುವುದನ್ನು ಹೇಳಿ.

ಅರಸೀಕೆರೆ ಪ್ಯಾಸೆಂಜರ್

ಅಕ್ಕಾ, ನಾನು 2010ರ ಸಿನಿಮಾದ ಪರ ಮಾತನಾಡುತ್ತೇನೆ. ಡಿಗ್ರಿ ಓದುವಾಗ ಬೆಂಗಳೂರಿಗೆ ಹೋಗಿ 3ಡಿ ಕನ್ನಡಕ ಹಾಕಿಕೊಂಡು ನೋಡಿದ್ದೆ. ಅಂಥದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಕಲಾ ನಿರ್ದೇಶನಕ್ಕೆ ಮತ್ತು ಉಡುಪಿಗೆ ಎರಡು ಆಸ್ಕರ್ ಬಂದಿದ್ದು ಸುಮ್ನೆ ಅಲ್ಲ.

ಮುಖ್ಯ ಮಾತು ಏನೆಂದರೆ, ಅದು ಪುಸ್ತಕದ ಕಥೆಯನ್ನೇ ಹೇಳುತ್ತೇನೆ ಎಂದು ಹೊರಟ ಸಿನಿಮಾ ಅಲ್ಲ. ಅದರಲ್ಲಿ ಆಲಿಸ್‌ಗೆ 19 ವರ್ಷ. ಚಿಕ್ಕವಳಿದ್ದಾಗ ಹೋಗಿ ಬಂದ ಜಾಗಕ್ಕೆ ಮತ್ತೆ ಹೋಗುತ್ತಾಳೆ, ಆದರೆ ಅವಳಿಗೆ ನೆನಪಿಲ್ಲ. ಅಲ್ಲಿರುವವರಿಗೆ ಇವಳು ಅದೇ ಆಲಿಸ್ ಹೌದಾ ಎನ್ನುವ ಅನುಮಾನ. ನಿಮ್ಮ ಹುಡುಗಿ ಕೇಳಿದ್ದೂ ಅದೇ ಪ್ರಶ್ನೆ, ಗಮನಿಸಿದ್ರಾ? ಬೇರೆಯವರು ಗೊತ್ತುಮಾಡಿದ ಮದುವೆ ಬೇಡ ಎನ್ನುವ ಧೈರ್ಯ ಅವಳಿಗೆ ಬರುವುದೇ ಆ ಸಿನಿಮಾದ ಕಥೆ. ಕೊನೆಗೆ ಚೀನಾಕ್ಕೆ ವ್ಯಾಪಾರಕ್ಕೆಂದು ಹಡಗು ಹತ್ತುತ್ತಾಳೆ. ನನ್ನ ತಂಗಿಗೆ ಅದು ತುಂಬಾ ಇಷ್ಟವಾಗಿತ್ತು. ಆಗ ಅವಳ ವಯಸ್ಸೂ ಹದಿನೆಂಟರ ಹತ್ತಿರ.

ಇನ್ನೊಂದು ವಿಷಯ. ಪುಸ್ತಕವನ್ನು ದಿನಕ್ಕೆ ಒಂದು ಅಧ್ಯಾಯ ಓದಿ ಮುಚ್ಚಿಡಬಹುದು. ಸಿನಿಮಾದಲ್ಲಿ ನೂರು ನಿಮಿಷ ಒಂದೇ ಕಡೆ ಕೂರಬೇಕು. ಮುಂದೆ ಏನಾಗುತ್ತದೆ ಎನ್ನುವ ಎಳೆ ಇಲ್ಲದೆ ಕೂರಿಸುವುದು ಕಷ್ಟ. 1933ರಲ್ಲಿ ಪ್ಯಾರಾಮೌಂಟ್‌ನವರು ದೊಡ್ಡ ದೊಡ್ಡ ನಟರನ್ನೆಲ್ಲ ಹಾಕಿ ಒಂದು ಆಲಿಸ್ ಮಾಡಿದ್ದರು. ಗ್ಯಾರಿ ಕೂಪರ್, ಕ್ಯಾರಿ ಗ್ರಾಂಟ್ ಎಲ್ಲ ಇದ್ದರು. ಆದರೆ ಮುಖವಾಡ ಮತ್ತು ವೇಷದ ಒಳಗೆ ಯಾರಿದ್ದಾರೆ ಎಂದೇ ತಿಳಿಯುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದು ಮಾತನಾಡಿ ಹೋಗುತ್ತಾರೆ, ಅಷ್ಟೇ. ಪುಸ್ತಕದ ಕ್ರಮ ಹಿಡಿದ ಮಾತ್ರಕ್ಕೆ ಜೀವ ಬರುವುದಿಲ್ಲ ಅಕ್ಕಾ.

ಆಲೂರು ಮೇಷ್ಟ್ರು

ಪ್ಯಾಸೆಂಜರ್ ತಮ್ಮ ಹೇಳಿದ ಕೊನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಮೊದಲಿನದರಲ್ಲಿ ಒಂದು ತಕರಾರಿದೆ.

ಆಲಿಸ್ ಜೊತೆಗೆ 'ವಿಝರ್ಡ್ ಆಫ್ ಆಝ್' ಕಥೆಯನ್ನೂ ಇಟ್ಟು ನೋಡಿ. ಫ್ರ್ಯಾಂಕ್ ಬಾಮ್ 1900ರಲ್ಲಿ ಬರೆದ ಪುಸ್ತಕದಲ್ಲಿ ಡೊರೊಥಿ ನಿಜವಾಗಿಯೂ ಆಝ್ ದೇಶಕ್ಕೆ ಹೋಗಿ ಬರುತ್ತಾಳೆ. 1939ರ ಸಿನಿಮಾದವರು ಅದನ್ನು ಕನಸು ಮಾಡಿದರು. ಅವಳ ಬೆಳ್ಳಿಯ ಬೂಟುಗಳನ್ನು ಕೆಂಪು ಮಾಣಿಕ್ಯದ್ದಾಗಿ ಬದಲಾಯಿಸಿದರು, ಟೆಕ್ನಿಕಲರ್‌ನಲ್ಲಿ ಎದ್ದು ಕಾಣಲಿ ಅಂತ. ಬೂಟಿನ ಬಣ್ಣ ಬದಲಾಗಿದ್ದು ನನಗೇನೂ ಅನಿಸಲಿಲ್ಲ. ಕನಸು ಅಂದಿದ್ದು ಮಾತ್ರ ಚುಚ್ಚಿತು. ಆಲಿಸ್ ವಿಷಯದಲ್ಲಿ ಇದು ತಿರುಗುಮುರುಗು. ಪುಸ್ತಕದಲ್ಲಿ ಅದು ಕನಸು. ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವಳು ಮುಖದ ಮೇಲೆ ಬಿದ್ದ ಒಣ ಎಲೆಗಳಿಂದ ಎಚ್ಚರಗೊಳ್ಳುತ್ತಾಳೆ. 2010ರ ಸಿನಿಮಾ ಅದನ್ನು ನಿಜವಾದ ದೇಶ ಮಾಡಿತು. ದೇಶ ಅಂದ ಮೇಲೆ ರಾಜ್ಯ ಬಂತು, ಶತ್ರು ಬಂದ, ಭವಿಷ್ಯ ಬರೆದ ಸುರುಳಿ ಬಂತು, ಯುದ್ಧ ಬಂತು. ಒಂದು ಕಲ್ಲು ತೆಗೆದರೆ ಗೋಡೆಯೇ ಬೇರೆಯಾಗುತ್ತದೆ. ಅಂದಹಾಗೆ ಕ್ಯಾರಲ್ ಬರೆದ ಎರಡನೇ ಆಲಿಸ್ ಪುಸ್ತಕದ ಒಂದು ಪದ್ಯದಲ್ಲಿ ಜ್ಯಾಬರ್‌ವಾಕ್ ಅನ್ನುವ ಪ್ರಾಣಿಯನ್ನು ಕೊಲ್ಲುವವನು ಒಬ್ಬ ಹುಡುಗ. ಆಲಿಸ್ ಅದನ್ನು ಕನ್ನಡಿ ಹಿಡಿದು ಓದುತ್ತಾಳೆ, ಓದಿ ಚೆನ್ನಾಗಿದೆ ಆದರೆ ಅರ್ಥವಾಗುವುದು ಕಷ್ಟ ಎನ್ನುತ್ತಾಳೆ. ನನ್ನ ಆಲಿಸ್ ಅವಳು.

ಆದರೆ ಬದಲಾವಣೆಯೇ ಕೂಡದು ಎಂದು ನಾನು ಹೇಳುವುದಿಲ್ಲ. ಕುವೆಂಪು ಅವರ ಕಿಂದರಿಜೋಗಿಯನ್ನೇ ನೋಡಿ. ಇಂಗ್ಲಿಷ್ ಕವಿ ಬ್ರೌನಿಂಗ್ ಪದ್ಯದಲ್ಲಿದ್ದ ಜರ್ಮನಿಯ ಊರು ಅದರಲ್ಲಿ ತುಂಗೆಯ ದಡದ ಬೊಮ್ಮನಹಳ್ಳಿಯಾಯಿತು. ಊರು ಬೇರೆ, ಜನ ಬೇರೆ, ತಿಂಡಿ ಬೇರೆ. ಮೂರು ದಶಕ ಪಾಠ ಮಾಡಿದ್ದೇನೆ, ಅದು ಹೊರಗಿನ ಕಥೆ ಎಂದು ಒಂದು ಮಗುವಿಗೂ ಅನಿಸಲಿಲ್ಲ. ಇಲಿಗಳು ಓಡುವಾಗಿನ ಗಡಿಬಿಡಿ, ಜೋಗಿಯ ಹಿಂದೆ ಮಕ್ಕಳು ಹೊರಟಾಗ ಎದೆಯಲ್ಲಿ ಆಗುವ ಸಂಕಟ ಹಾಗೇ ಉಳಿದಿದೆ. ಅದು ಉಳಿದರೆ ಸಾಕು.

ಹೇಮಾವತಿ ಅವರೇ, ನಿಮ್ಮನ್ನು ಒಂದು ಕೇಳಬೇಕು. ಈ ಪುಸ್ತಕದ ಅರ್ಧ ಸೊಗಸು ಇರುವುದು ಮಾತಿನ ಆಟದಲ್ಲಿ. ಕನ್ನಡದಲ್ಲಿ ಹೇಳುವಾಗ ಏನು ಮಾಡಿದಿರಿ? ಇಲಿಯ 'ಟೇಲ್' ಎಂದರೆ ಕಥೆಯೂ ಹೌದು, ಬಾಲವೂ ಹೌದು. ಆಮೆ ಮೇಷ್ಟ್ರನ್ನು 'ಟಾರ್ಟಸ್' ಎಂದು ಕರೆಯುವುದು ಅವರು 'ಟಾಟ್ ಅಸ್', ಅಂದರೆ ನಮಗೆ ಪಾಠ ಕಲಿಸಿದರು ಅನ್ನುವುದಕ್ಕೆ. ಸಿನಿಮಾದ ಕೆಳಗೆ ಕನ್ನಡದ ಸಾಲು ಬರೆದರೂ ಇವು ಬರುವುದಿಲ್ಲ.

ಹೇಮಾವತಿ ದಂಡೆ, ಹಾಸನ

ಮೇಷ್ಟ್ರೇ, ಅದರ ಮೇಲೆ ರಾತ್ರಿಯೆಲ್ಲ ಕೂತಿದ್ದೇನೆ. ಇಲಿಯದ್ದು ಹೀಗೆ ಮಾಡಿದೆ. ಇಲಿ 'ನನ್ನ ಬಾಲ್ಯ ಬಹಳ ಉದ್ದ, ಬಹಳ ದುಃಖದ್ದು' ಅನ್ನುತ್ತದೆ. ಆಲಿಸ್ ಅದರ ಹಿಂದೆ ನೋಡಿ 'ಬಾಲ ಉದ್ದ ಇರೋದೇನೋ ನಿಜ, ಅದಕ್ಕೆ ದುಃಖ ಯಾಕೆ?' ಎನ್ನುತ್ತಾಳೆ. ಮಕ್ಕಳು ಬಿದ್ದು ಬಿದ್ದು ನಕ್ಕರು.

ಆಮೆಯದ್ದು ನನಗೆ ಹೊಳೆಯಲಿಲ್ಲ. ಏಳನೇ ಕ್ಲಾಸಿನ ಒಬ್ಬ ಹುಡುಗನೇ ಕೊಟ್ಟ. 'ಅವರನ್ನು ಆಮೆ ಅಂತ ಯಾಕೆ ಕರೀತಿದ್ರಿ?' 'ಅವರು ಆ ಮೇಷ್ಟ್ರು ಅಲ್ವಾ, ಅದಕ್ಕೆ.' ಅವನನ್ನು ಅಪ್ಪಿಕೊಳ್ಳಬೇಕು ಅನಿಸಿತು.

ಪದ್ಯಗಳದ್ದೂ ಹಾಗೇ. ಆಲಿಸ್ ಬಾಯಿಪಾಠ ಮಾಡಿದ ಪದ್ಯ ಹೇಳಲು ಹೋದರೆ ಬೇರೆಯದೇ ಬರುತ್ತದೆ. ಆ ಕಾಲದ ಇಂಗ್ಲಿಷ್ ಮಕ್ಕಳಿಗೆ ಐಸಾಕ್ ವಾಟ್ಸ್ ಅವರ ನೀತಿಪದ್ಯ ಗೊತ್ತಿದ್ದರಿಂದ ಅಲ್ಲಿ ನಗು ಬಂತು. ನಮ್ಮ ಮಕ್ಕಳಿಗೆ ವಾಟ್ಸ್ ಗೊತ್ತಿಲ್ಲ. ರಾಜರತ್ನಂ ಅವರ ತುತ್ತೂರಿ ಪದ್ಯ ಗೊತ್ತು. ಅದನ್ನೇ ತಿರುಚಿದೆ. ತಪ್ಪು ಸಾಲು ಬಂದ ಕೂಡಲೇ 18 ಮಕ್ಕಳೂ ಒಟ್ಟಿಗೆ 'ಆಂಟಿ ತಪ್ಪು!' ಎಂದು ಕೂಗಿದರು. ಆಲಿಸ್‌ನ ಗಾಬರಿ ಏನು ಎನ್ನುವುದು ಅವರಿಗೆ ಆಗ ಗೊತ್ತಾಯಿತು.

ಬಿಡಿಸುವವಳು, ಬೇಲೂರು

ಆ ಮೇಷ್ಟ್ರು! ಇವತ್ತು ನನ್ನ ದಿನ ಚೆನ್ನಾಗಿ ಶುರುವಾಯಿತು.

ನಾನು ಚಿತ್ರಕಲೆ ಕಲಿಸುವವಳು, ಹಾಗಾಗಿ ಚಿತ್ರದ ಕಡೆಯಿಂದ ಬರುತ್ತೇನೆ. ಆಲಿಸ್ ಎಂದರೆ ಬರೀ ಕ್ಯಾರಲ್ ಅಲ್ಲ. ಜಾನ್ ಟೆನಿಯಲ್ ಬಿಡಿಸಿದ 42 ಚಿತ್ರಗಳೂ ಸೇರಿ ಆಲಿಸ್. 1865ರಲ್ಲಿ ಮೊದಲು ಅಚ್ಚಾದ ಪ್ರತಿಗಳಲ್ಲಿ ಚಿತ್ರಗಳು ಸರಿಯಾಗಿ ಮೂಡಿಲ್ಲ ಎಂದು ಟೆನಿಯಲ್ ಹೇಳಿದ್ದಕ್ಕೆ ಕ್ಯಾರಲ್ ಅವನ್ನು ವಾಪಸ್ ತೆಗೆದುಕೊಂಡು ಮತ್ತೆ ಅಚ್ಚು ಹಾಕಿಸಿದರು. ಚಿತ್ರಕ್ಕೆ ಅಷ್ಟು ಬೆಲೆ ಇತ್ತು.

ಅದರಲ್ಲಿ ನನಗೆ ಅತಿ ಇಷ್ಟದ್ದು ಆಮೆ ಮೇಷ್ಟ್ರ ಹತ್ತಿರ ಪಾಠ ಕಲಿತ ಆ ಅಳುಬುರುಕ ಪ್ರಾಣಿ. ಆಮೆಯ ಚಿಪ್ಪು, ಕರುವಿನ ತಲೆ, ಕರುವಿನ ಹಿಂಗಾಲು, ಕರುವಿನ ಬಾಲ. ಯಾಕೆಂದರೆ ಇಂಗ್ಲೆಂಡಿನಲ್ಲಿ ಆಮೆಯ ಸೂಪು ದುಬಾರಿ. ಅದರ ಬದಲು ಕರುವಿನ ತಲೆಯಿಂದ ಮಾಡುವ ಸೂಪಿಗೆ ಸುಳ್ಳು ಆಮೆ ಸೂಪು ಎಂದು ಹೆಸರು. ಹಾಗಾದರೆ ಸುಳ್ಳು ಆಮೆ ಅನ್ನುವ ಪ್ರಾಣಿ ಇರಲೇಬೇಕಲ್ಲ ಎಂದು ಕ್ಯಾರಲ್ ಹುಟ್ಟಿಸಿಬಿಟ್ಟರು. ನಮ್ಮ ಮಕ್ಕಳಿಗೆ ಇದೇನು ಹೊಸದಾ? ಹಳೇಬೀಡಿನ ಗುಡಿಯ ಗೋಡೆಯಲ್ಲಿ ಸಾಲಾಗಿ ಮಕರ ಇದೆ. ಮೊಸಳೆ ಬಾಯಿ, ಆನೆ ಸೊಂಡಿಲು, ನವಿಲಿನ ಬಾಲ. ಎಷ್ಟೋ ನೂರು ವರ್ಷದಿಂದ ನಾವು ಅದನ್ನು ನೋಡಿಕೊಂಡು ಓಡಾಡುತ್ತಿದ್ದೇವೆ. ಶಿಲ್ಪಿ ಅದನ್ನು ಗಂಭೀರವಾಗಿ ಕೆತ್ತಿದ್ದಾನೆ. ಮೂರು ಪ್ರಾಣಿಯ ಮೈ ಒಂದಕ್ಕೊಂದು ಎಷ್ಟು ಚೆನ್ನಾಗಿ ಸೇರಿಕೊಂಡಿದೆ ಎಂದರೆ, ನೋಡಿದವರಿಗೆ ಅದು ಎಲ್ಲೋ ಬದುಕಿತ್ತು ಅನಿಸುತ್ತದೆ.

ನನ್ನ ಅಳತೆಗೋಲು ಅದು. ಆ ಲೋಕದ ಪ್ರಾಣಿಗಳು ಅಲ್ಲಿ ನಿಜವಾಗಿ ಬದುಕುತ್ತಿವೆ ಅನಿಸಬೇಕು. ಹಾಗೆ ಅನಿಸಿದ್ದು ನನಗೆ ಒಂದೇ ಒಂದು ಸಿನಿಮಾದಲ್ಲಿ. ಯಾನ್ ಶ್ವಾಂಕ್‌ಮಾಯರ್ ಎನ್ನುವ ಚೆಕ್ ದೇಶದವರು 1988ರಲ್ಲಿ ಮಾಡಿದ್ದು. ಹುಡುಗಿ ಮಾತ್ರ ನಿಜವಾದ ಹುಡುಗಿ. ಉಳಿದಿದ್ದೆಲ್ಲ ಹಳೇ ಗೊಂಬೆ, ಮೂಳೆ, ಕಾಲುಚೀಲ, ಡ್ರಾಯರ್, ಬೀಗದ ಕೈ. ಒಂದೊಂದು ಫ್ರೇಮಿಗೂ ಕೈಯಿಂದ ಸರಿಸಿ ಸರಿಸಿ ತೆಗೆದಿದ್ದಾರೆ. ಬಿಳಿ ಮೊಲ ಗಾಜಿನ ಪೆಟ್ಟಿಗೆಯಲ್ಲಿ ಹೊಟ್ಟು ತುಂಬಿಸಿಟ್ಟ ಸತ್ತ ಮೊಲದಂತೆ ಇರುತ್ತದೆ. ಗಾಜು ಒಡೆದುಕೊಂಡು ಎದ್ದು ಬರುತ್ತದೆ. ಅದರ ಹೊಟ್ಟೆಯೊಳಗೆ ಮರದ ಹೊಟ್ಟು. ಗಡಿಯಾರ ತೆಗೆಯುವುದೂ ಆ ಹೊಟ್ಟಿನೊಳಗಿಂದಲೇ. ಹೊಟ್ಟು ಸುರಿಯುತ್ತಿದ್ದರೆ ಪಿನ್ನು ಚುಚ್ಚಿಕೊಂಡು ಓಡುತ್ತದೆ. ಆಲಿಸ್ ಚಿಕ್ಕದಾದಾಗ ಪಿಂಗಾಣಿ ಗೊಂಬೆಯಾಗುತ್ತಾಳೆ. ಮಕ್ಕಳು ಒಂಟಿಯಾಗಿ ಅಟ್ಟದ ಮೇಲೆ ಆಡುವಾಗ ಅಲ್ಲಿ ಬಿದ್ದಿರುವ ಸಾಮಾನಿಗೆ ಹೇಗೆ ಜೀವ ಬರುತ್ತದೋ, ಹಾಗೆ.

ಹೇಮಾವತಿ ಅಕ್ಕ, ಆಲಿಸ್ ಅಂದರೆ ಪ್ರಶ್ನೆ ಕೇಳುವ ಹುಡುಗಿ ಎಂದು ನೀವು ಹೇಳಿದ್ದಕ್ಕೆ ಸ್ವಲ್ಪ ಸೇರಿಸಬೇಕು. ಈ ಸಿನಿಮಾದಲ್ಲಿ ಅವಳು ಜಾಸ್ತಿ ಮಾತನಾಡುವುದೇ ಇಲ್ಲ. ಆದರೆ ಎಲ್ಲ ಡ್ರಾಯರನ್ನೂ ಎಳೆದು ನೋಡುತ್ತಾಳೆ, ಎಲ್ಲವನ್ನೂ ಬಾಯಿಗೆ ಹಾಕಿ ರುಚಿ ನೋಡುತ್ತಾಳೆ. ಕೈಯಿಂದಲೂ ಪ್ರಶ್ನೆ ಕೇಳಬಹುದು ಅಲ್ವಾ? ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಮಾತ್ರ ಇದನ್ನು ತೋರಿಸಬೇಡಿ. ಹೆದರುತ್ತಾರೆ. ನಾನೇ ಒಂದೆರಡು ಕಡೆ ಕಣ್ಣು ಮುಚ್ಚಿಕೊಂಡೆ.

ಇನ್ನೊಂದನ್ನು ನೀವು ದೊಡ್ಡವರು ನೋಡಿ. 1966ರಲ್ಲಿ ಬಿಬಿಸಿಗೆ ಜೊನಾಥನ್ ಮಿಲ್ಲರ್ ಮಾಡಿದ ಕಪ್ಪು ಬಿಳುಪಿನ ಆಲಿಸ್. ಪ್ರಾಣಿಗಳ ವೇಷವನ್ನೇ ಕಳಚಿ ಎಲ್ಲರನ್ನೂ ಆ ಕಾಲದ ದೊಡ್ಡ ಮನುಷ್ಯರನ್ನಾಗಿ ತೋರಿಸಿದ್ದಾರೆ. ಸಂಗೀತ ರವಿಶಂಕರ್ ಅವರದ್ದು. ಬಿಸಿಲಿನ ಮಧ್ಯಾಹ್ನ ಅರೆನಿದ್ದೆಯಲ್ಲಿ ಸಿತಾರ್ ಕೇಳಿದ ಹಾಗಿದೆ. ನನ್ನ ಮಕರ ಅದರಲ್ಲಿ ಇಲ್ಲ. ಆದರೂ ಕನಸಿನ ಮಂಪರು ಅದರಷ್ಟು ಬೇರೆಲ್ಲೂ ಬಂದಿಲ್ಲ.

ಸಕಲೇಶಪುರ ಮಳೆ

ನಾನು ಸಿನಿಮಾ ಜಾಸ್ತಿ ತಿಳಿದವಳಲ್ಲ. ಆರು ವರ್ಷದ ಮಗನ ಅಮ್ಮ. ಆ ಕಡೆಯಿಂದ ಒಂದು ಮಾತು.

ಇಲ್ಲಿ ಎಲ್ಲರೂ ಡಿಸ್ನಿಯವರ 1951ರ ಕಾರ್ಟೂನನ್ನು ಬಿಟ್ಟೇ ಮಾತನಾಡುತ್ತಿದ್ದೀರಿ. ಅದು 75 ನಿಮಿಷ. ನನ್ನ ಮಗ ಒಂದು ಸಲವೂ ಎದ್ದು ಹೋಗಲಿಲ್ಲ. ಅವನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಡೋಡೋ ಹಕ್ಕಿ ಎಲ್ಲರನ್ನೂ ಸುತ್ತು ಓಡಿಸುವಾಗ ನಗುತ್ತಾನೆ. ಬೆಕ್ಕಿನ ನಗು ಮಾತ್ರ ಗಾಳಿಯಲ್ಲಿ ಉಳಿದಾಗ ನನ್ನ ಕೈ ಹಿಡಿದುಕೊಳ್ಳುತ್ತಾನೆ. ಅದರಲ್ಲಿ ಎರಡು ಪುಸ್ತಕವನ್ನೂ ಕಲಸಿದ್ದಾರೆ, ಗೊತ್ತು. ಟ್ವೀಡಲ್‌ಡೀ, ಟ್ವೀಡಲ್‌ಡಮ್ ಎರಡನೇ ಪುಸ್ತಕದವರು. 'ಹುಟ್ಟುಹಬ್ಬ ಅಲ್ಲದ ದಿನ'ದ ಹಾಡೂ ಅಷ್ಟೇ, ಪುಸ್ತಕದಲ್ಲಿ ಆ ಮಾತು ಬರುವುದು ಹಂಪ್ಟಿ ಡಂಪ್ಟಿಯ ಹತ್ತಿರ. ಮಾತನಾಡುವ ಬಾಗಿಲ ಹಿಡಿಯನ್ನು ಅವರೇ ಹುಟ್ಟಿಸಿದ್ದು. ಆದರೆ ಅಲ್ಲೂ ಆಲಿಸ್‌ಗೆ ಕತ್ತಿ ಕೊಟ್ಟಿಲ್ಲ. ಅವಳು ನಡೆಯುತ್ತಾಳೆ, ಕೇಳುತ್ತಾಳೆ, ಬೇಜಾರಾದಾಗ ಅಳುತ್ತಾಳೆ. ನೀವು ಹೇಳಿದ್ದು ಅದನ್ನೇ ಅಲ್ವಾ ಅಕ್ಕ?

ಚಿಕ್ಕ ಮಕ್ಕಳಿಗೆ ಸುಲಭ ಮಾಡುವುದು ತಪ್ಪೇನಲ್ಲ. ಕ್ಯಾರಲ್ ತಾವೇ 1890ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಚಿಕ್ಕ ಆಲಿಸ್ ಬರೆದು, ಟೆನಿಯಲ್ ಚಿತ್ರಗಳಿಗೆ ಬಣ್ಣ ಹಾಕಿಸಿ ಪ್ರಕಟಿಸಿದರು. ಬರೆದವರೇ ಮಾಡಿದ ಮೇಲೆ ಸಿನಿಮಾದವರನ್ನು ಯಾಕೆ ಬೈಯುವುದು?

ನನಗೆ ಡಿಸ್ನಿಯವರ ಮೇಲೆ ಇರುವ ಕೋಪ ಒಂದೇ. ಡಚೆಸ್‌ಳ ಅಡಿಗೆಮನೆಯನ್ನು ಬಿಟ್ಟಿದ್ದಾರೆ. ಗಾಳಿ ತುಂಬಾ ಮೆಣಸಿನ ಪುಡಿ, ಎಲ್ಲರೂ ಸೀನುವುದು, ಅಳುವ ಮಗು ಕೈಯಲ್ಲೇ ಹಂದಿಮರಿ ಆಗುವುದು. ಕಾಳುಮೆಣಸು ಒಣಗಿಸುವ ಕಣದ ಪಕ್ಕದಲ್ಲಿ ಬೆಳೆಯುವ ಮಗು ನನ್ನದು. ಆ ಕಥೆ ಹೇಳುವಾಗ ಅವನು ನನಗಿಂತ ಮೊದಲೇ ಸೀನುತ್ತಾನೆ. ಅದು ಪರದೆ ಮೇಲೆ ಬಂದಿದ್ದರೆ ಎಷ್ಟು ಕುಣಿಯುತ್ತಿದ್ದನೋ.

ಮೂಡಿಗೆರೆ ಕಾಫಿ

ಮೆಣಸಿನ ಮಾತಿಗೆ ನಮ್ಮೂರಿನಿಂದಲೂ ಒಂದು ಸೀನು.

ಪುಸ್ತಕ ಓದಿ ಸಿನಿಮಾ ನೋಡುವುದು, ನೋಡಿ ಜಗಳ ಆಡುವುದು ಮೂಡಿಗೆರೆ ಕಡೆಯವರಿಗೆ ಅಭ್ಯಾಸ. ತೇಜಸ್ವಿಯವರ ಕಥೆಗಳಿಂದ ಎಷ್ಟು ಸಿನಿಮಾ ಬಂದಿವೆ ನೋಡಿ. ಅಬಚೂರಿನ ಪೋಸ್ಟಾಫೀಸು, ತಬರನ ಕಥೆ, ಕಿರಗೂರಿನ ಗಯ್ಯಾಳಿಗಳು, ಮೊನ್ನೆ 2023ರಲ್ಲಿ ಡೇರ್‌ಡೆವಿಲ್ ಮುಸ್ತಾಫಾ. ಪ್ರತಿ ಸಲವೂ 'ಪುಸ್ತಕದ ಹಾಗಿಲ್ಲ' ಎನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಹಿಂದೆ ನಾನೂ ಅನ್ನುತ್ತಿದ್ದೆ.

ಗಿರೀಶ ಕಾಸರವಳ್ಳಿಯವರ ತಬರನ ಕಥೆ ನೋಡಿದ ಮೇಲೆ ಹಾಗೆ ಅನ್ನುವುದು ನಿಲ್ಲಿಸಿದೆ. ಹೆಂಡತಿಯ ಕಾಲು ಕೊಳೆಯುತ್ತಿದೆ, ಪಿಂಚಣಿಗಾಗಿ ತಬರ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಚಾರುಹಾಸನ್ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಕಥೆ ಓದಿ ಪುಸ್ತಕ ಮುಚ್ಚಿದಾಗ ಎದೆಯಲ್ಲಿ ಏನಿತ್ತೋ, ಸಿನಿಮಾ ಮುಗಿದು ಎದ್ದಾಗಲೂ ಅದೇ ಇತ್ತು. ಸಿಟ್ಟು, ಮತ್ತು ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕು ಎಂದು ತಿಳಿಯದ ಅಸಹಾಯಕತೆ. ಮಧ್ಯೆ ಎಷ್ಟು ದೃಶ್ಯ ಸೇರಿತು, ಎಷ್ಟು ಬಿಟ್ಟುಹೋಯಿತು ಎಂದು ನಾನು ಎಣಿಸಲೇ ಇಲ್ಲ.

ಹಾಗೆ ಆಲಿಸ್ ಓದಿ ಮುಚ್ಚಿದಾಗ ಏನಾಗುತ್ತದೆ? ಇಸ್ಪೀಟಿನ ಎಲೆಗಳೆಲ್ಲ ಮೇಲೆದ್ದು ಹಾರಿ, ಅವಳು ಎಚ್ಚೆತ್ತು, ಅಕ್ಕ 'ಹೋಗು ಟೀ ಕುಡಿ' ಎಂದು ಕಳಿಸಿದ ಮೇಲೆ ಮೈ ಹಗುರಾಗಿರುತ್ತದೆ. ಈ ರಾಜ, ರಾಣಿ, ಕೋರ್ಟು, ಶಿಕ್ಷೆ ಎಲ್ಲ ಬರೀ ಇಸ್ಪೀಟಿನ ಎಲೆ ಎಂದು ಒಂದು ಹುಡುಗಿ ಗಟ್ಟಿಯಾಗಿ ಹೇಳಿಬಿಟ್ಟಿದ್ದಾಳೆ ಎನ್ನುವ ಖುಷಿ ಇರುತ್ತದೆ. 2010ರ ಸಿನಿಮಾ ಮುಗಿದಾಗ ನಾನು ಯುದ್ಧದ ಸಿನಿಮಾ ನೋಡಿ ಎದ್ದ ಹಾಗೆ ಎದ್ದೆ. ತಮ್ಮಾ, ಅದು ಕೆಟ್ಟ ಸಿನಿಮಾ ಎಂದು ಹೇಳುತ್ತಿಲ್ಲ. ನಾನು ಹೋಗಿದ್ದ ಊರು ಅದಲ್ಲ, ಅಷ್ಟೇ.

ಅರಸೀಕೆರೆ ಪ್ಯಾಸೆಂಜರ್

ಅಣ್ಣಾ, ಇಸ್ಪೀಟಿನ ಎಲೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅವಳು ರಾಣಿಯನ್ನು ಗೆಲ್ಲುವುದು ಒಂದೇ ಒಂದು ಮಾತಿನಿಂದ. ಅದಕ್ಕಿಂತ ದೊಡ್ಡ ಕತ್ತಿ ಬೇಕಾಗಿರಲಿಲ್ಲ, ನಿಜ. ತಂಗಿಯ ಜೊತೆ ನೋಡಿದ ಆ ಸಿನಿಮಾ ನನಗೆ ಈಗಲೂ ಇಷ್ಟವೇ. ಆದರೆ ಹೇಮಾವತಿ ಅಕ್ಕನ ಮಕ್ಕಳಿಗೆ ಅದಲ್ಲ ಎಂದು ಒಪ್ಪಿದೆ.

ಅಕ್ಕಾ, ಒಂದು ಸಲಹೆ. ಆಲಿಸ್ ಕಥೆಯ ಮೊದಲ ಸಿನಿಮಾ 1903ರದ್ದು. ಸೆಸಿಲ್ ಹೆಪ್‌ವರ್ತ್ ಮತ್ತು ಪರ್ಸಿ ಸ್ಟೋ ಇಂಗ್ಲೆಂಡಿನಲ್ಲಿ ಮಾಡಿದ್ದು. ಮೂಕಿ. ಆಗ ಸುಮಾರು 12 ನಿಮಿಷ ಇತ್ತು, ಈಗ ಉಳಿದಿರುವುದು ಎಂಟೊಂಬತ್ತು ನಿಮಿಷ. ಅಲ್ಲಲ್ಲಿ ಹಾಳಾಗಿದೆ, ಚುಕ್ಕೆ ಗೀರು ತುಂಬಿದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನವರು 2010ರಲ್ಲಿ ಸರಿಮಾಡಿ ಇಂಟರ್‌ನೆಟ್ಟಿನಲ್ಲಿ ಹಾಕಿದ್ದಾರೆ. ಅದರಲ್ಲಿ ಡಚೆಸ್‌ಳ ಅಡಿಗೆಮನೆ ಇದೆ, ಹಂದಿಮರಿಯೂ ಇದೆ. ಆ ನಗುವ ಚೆಷೈರ್ ಬೆಕ್ಕಿನ ಪಾತ್ರ ಮಾಡಿದ್ದು ಹೆಪ್‌ವರ್ತ್ ಅವರ ಮನೆಯ ಬೆಕ್ಕೇ. ಮಾತಿಲ್ಲ, ಹಾಗಾಗಿ ಇಂಗ್ಲಿಷ್ ತೊಂದರೆಯೂ ಇಲ್ಲ. ಮೇಷ್ಟ್ರು ಕೇಳಿದ ಮಾತಿನ ಆಟವನ್ನು ನಿಮ್ಮ ಮಕ್ಕಳೇ ತುಂಬಿಸಲಿ.

ಆಲೂರು ಮೇಷ್ಟ್ರು

ಭೇಷ್. ಇದನ್ನೇ ಮಾಡಿ.

ಹೇಮಾವತಿ ದಂಡೆ, ಹಾಸನ

ಮಾಡಿದೆ ಮೇಷ್ಟ್ರೇ. ನಿನ್ನೆ ಭಾನುವಾರ. ಆಗಿದ್ದನ್ನು ಹೇಳದೆ ನಿದ್ದೆ ಬರುವುದಿಲ್ಲ.

ಮೊದಲು 1903ರದ್ದನ್ನು ಏನೂ ಹೇಳದೆ ಒಂದು ಸಲ ಹಾಕಿದೆ. ಮೊದಲ ನಿಮಿಷ ಮಕ್ಕಳು ಮುಖ ಮುಖ ನೋಡಿಕೊಂಡರು. ಮಾತು ಇಲ್ಲ, ಚಿತ್ರ ಅಲುಗಾಡುತ್ತದೆ. ಮೊಲದ ವೇಷ ಹಾಕಿದವರು ಕಂಡ ಕೂಡಲೇ 'ಬಿಳಿ ಮೊಲ!' ಎಂದು ಒಬ್ಬ ಕೂಗಿದ. ಆಮೇಲೆ ನಿಲ್ಲಲೇ ಇಲ್ಲ. ಬೀಗದ ಕೈ ಎಲ್ಲಿದೆ, ಈಗ ಕುಡಿಯುತ್ತಾಳೆ ನೋಡು, ಈಗ ಕೈ ಕಿಟಕಿಯಿಂದ ಆಚೆ ಬರುತ್ತೆ ನೋಡು. ಬೆಕ್ಕು ಬಂದಾಗ ಒಂದು ಪುಟಾಣಿ 'ನಮ್ಮನೆ ಬೆಕ್ಕೂ ಹೀಗೇ ಕೂರುತ್ತೆ' ಎಂದಿತು. ಅಡಿಗೆಮನೆ ಬಂದಾಗ, ಸಕಲೇಶಪುರದ ಅಮ್ಮ, 18 ಮಕ್ಕಳೂ ಸೀನಿದರು. ನಿಮ್ಮ ಮಗನನ್ನು ನೆನೆದೆ. ಮುಂದಿನ ಸಲ ಅವನನ್ನೂ ಕರೆತನ್ನಿ.

ಎರಡನೇ ಸಲ ಹಾಕಿದಾಗ ಪಾತ್ರಗಳನ್ನು ಹಂಚಿದೆ. ಪರದೆಯಲ್ಲಿ ಯಾರು ಬಾಯಿ ಆಡಿಸುತ್ತಾರೋ ಅವರ ಮಾತನ್ನು ಇವರು ಹೇಳಬೇಕು. ಟೀ ಕೂಟದ ದೃಶ್ಯದಲ್ಲಿ ಟೋಪಿಯವನು ಹಾಸನದ ಕನ್ನಡದಲ್ಲಿ ಆಲಿಸ್‌ಗೆ 'ಜಾಗ ಇಲ್ಲ, ಜಾಗ ಇಲ್ಲ, ಮುಂದೆ ಹೋಗಮ್ಮ' ಎಂದು ಕಂಡಕ್ಟರ್ ಥರ ಕೂಗಿದ. ಅದಕ್ಕೆ ಆಲಿಸ್ ಆದವಳು 'ಇಷ್ಟು ಜಾಗ ಇದೆ, ನಿಮಗೆ ಕಣ್ಣು ಕಾಣಲ್ವಾ ಅಣ್ಣ?' ಎಂದಳು. ಮರ್ಯಾದೆ ಬಿಡಲಿಲ್ಲ, ಸೋಲಲೂ ಇಲ್ಲ. ನಾನು ಹುಡುಕುತ್ತಿದ್ದ ಆಲಿಸ್ ಅವಳೇ.

ಆಮೇಲೆ ಡಿಸ್ನಿಯದ್ದರಲ್ಲಿ ಓಟದ ದೃಶ್ಯ ಮತ್ತು ಕೊನೆಯ ಕೋರ್ಟು ಎರಡನ್ನೇ ತೋರಿಸಿದೆ. ಚೆನ್ನಾಗಿ ನಗಿಸಿತು. ಅದರಲ್ಲಿ ಬಿಟ್ಟುಹೋದ ಒಂದು ಭಾಗವನ್ನು ಮಾತ್ರ ಪುಸ್ತಕ ತೆಗೆದು ಮತ್ತೆ ಓದಿದೆ. ಬೆಕ್ಕಿನ ತಲೆ ಮಾತ್ರ ಗಾಳಿಯಲ್ಲಿ ಕಾಣುತ್ತಿದೆ. ರಾಣಿ ತಲೆ ಕಡಿಯಿರಿ ಎನ್ನುತ್ತಾಳೆ. ಕಡಿಯುವವನು ಹೇಳುತ್ತಾನೆ, ಮೈಯೇ ಇಲ್ಲದ ತಲೆಯನ್ನು ಯಾವ ಮೈಯಿಂದ ಕಡಿದು ಬೇರೆ ಮಾಡುವುದು, ಆಗದ ಕೆಲಸ. ರಾಜ ಹೇಳುತ್ತಾನೆ, ತಲೆ ಅಂತ ಇದ್ದ ಮೇಲೆ ಕಡಿಯಬಹುದು. ರಾಣಿ ಹೇಳುತ್ತಾಳೆ, ಈಗಲೇ ತೀರ್ಮಾನ ಆಗದಿದ್ದರೆ ಇಲ್ಲಿರುವ ಎಲ್ಲರ ತಲೆಯೂ ಹೋಗುತ್ತೆ. ಪುಸ್ತಕ ಮುಚ್ಚಿ, ಯಾರದ್ದು ಸರಿ ಎಂದು ಕೇಳಿದೆ.

ಮೂರು ಗುಂಪಾಯಿತು. ಅರ್ಧ ಗಂಟೆ ಜಗಳ. ಕೆಳಗಿನಿಂದ ನಮ್ಮೆಜಮಾನರು ಏನಾಯಿತೋ ಎಂದು ಓಡಿಬಂದರು. ಕೊನೆಗೆ ಅದೇ ಐದನೇ ಕ್ಲಾಸಿನ ಹುಡುಗಿ ಎದ್ದು ನಿಂತಳು. 'ಕಡಿದ ಮೇಲೆ ಏನು ಉಳಿಯುತ್ತೆ? ತಲೆ ಮಾತ್ರ. ಈಗ ಏನಿದೆ? ತಲೆ ಮಾತ್ರ. ಹಾಗಾದ್ರೆ ಆಗಲೇ ಕಡಿದಾಗಿದೆ. ಎಲ್ಲರೂ ಮನೆಗೆ ಹೋಗಿ' ಎಂದಳು. ಇದು ಕ್ಯಾರಲ್‌ಗೂ ಹೊಳೆದಿರಲಿಲ್ಲ!

ಬೇಲೂರಿನ ತಂಗಿಗೆ ಒಂದು ಕೋರಿಕೆ. ಸುಳ್ಳು ಆಮೆಯ ಚಿತ್ರ ತೋರಿಸಿ ಮಕರದ ವಿಷಯ ಹೇಳಿದ್ದಕ್ಕೆ ಎಲ್ಲರೂ ನೋಡಲೇಬೇಕು ಎನ್ನುತ್ತಿದ್ದಾರೆ. ಬರುವ ಭಾನುವಾರ ಒಂದು ಮಿನಿ ಬಸ್ ಮಾಡಿಕೊಂಡು ಹಳೇಬೀಡಿಗೆ ಹೊರಟಿದ್ದೇವೆ, ಒಂಬತ್ತು ಗಂಟೆಗೆ ಗುಡಿ ಮುಂದೆ ಇರುತ್ತೇವೆ. ನೀವು ಬಂದರೆ ಪ್ರತಿ ಮಗುವೂ ಮೂರು ಪ್ರಾಣಿ ಸೇರಿಸಿ ತನ್ನದೇ ಒಂದು ಪ್ರಾಣಿ ಬಿಡಿಸಲಿ ಎಂದು ಆಸೆ. ಕಾಗದ, ಬಣ್ಣದ ಪೆನ್ಸಿಲ್ ನಾನು ತರುತ್ತೇನೆ. ತಿಂಡಿಗೆ ಚಿತ್ರಾನ್ನ.

ಬಿಡಿಸುವವಳು, ಬೇಲೂರು

ಬರುತ್ತೇನೆ ಅಕ್ಕ. ಎಂಟೂವರೆಗೇ ಬಂದಿರುತ್ತೇನೆ, ಆ ಹೊತ್ತಿಗೆ ಗೋಡೆಯ ಮೇಲೆ ಬೆಳಕು ಓರೆಯಾಗಿ ಬೀಳುತ್ತದೆ. ಆ ಹುಡುಗಿಯನ್ನು ನನ್ನ ಪಕ್ಕ ಕೂರಿಸಿ.